ಅಕ್ಕನಿಗೂ ಪಿಸಿಒಡಿ, ನನಗೂ ಪಿಸಿಒಡಿ: ತೂಕ ಇಳಿಯುವುದೇ ಇಲ್ಲವೇ?

ಪ್ರಶ್ನೆ: ನನಗೆ 27 ವರ್ಷ. ಎತ್ತರ 5 ಅಡಿ 2 ಅಂಗುಲ, ತೂಕ 74 ಕೆ.ಜಿ. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಆಗುತ್ತದೆ, ಗಲ್ಲದ ಮೇಲೆ ಒರಟು ಕೂದಲು ಬರುತ್ತಿದೆ. ಸ್ಕ್ಯಾನಿಂಗ್ ಮಾಡಿ ಪಿಸಿಒಡಿ ಅಂದರು. ಅಕ್ಕನಿಗೂ ಇದೇ ತೊಂದರೆ, ಅಮ್ಮನಿಗೆ ಸಕ್ಕರೆ ಕಾಯಿಲೆ. ‘ನಿಮ್ಮ ವಂಶದಲ್ಲೇ ಇದೆ, ಏನು ಮಾಡಿದರೂ ಮೈ ಕರಗಲ್ಲ’ ಎನ್ನುತ್ತಾರೆ ಎಲ್ಲರೂ. ನಿಜವೇ ಡಾಕ್ಟ್ರೇ?
– ಹೆಸರು ಬೇಡ, ಹಾಸನ

ಉತ್ತರ: ವಂಶದಲ್ಲಿದೆ ಎನ್ನುವುದು ನಿಜ, ಕರಗುವುದಿಲ್ಲ ಎನ್ನುವುದು ಸುಳ್ಳು. ನೆದರ್‌ಲ್ಯಾಂಡ್ಸ್‌ನಲ್ಲಿ ಅವಳಿ ಸೋದರಿಯರನ್ನು ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ತದ್ರೂಪಿ ಅವಳಿಗಳಲ್ಲಿ ಪಿಸಿಒಎಸ್ (ನೀವು ಪಿಸಿಒಡಿ ಎನ್ನುವ ಅಂಡಾಶಯದ ತೊಂದರೆಗೆ ವೈದ್ಯರು ಬಳಸುವ ಹೆಸರು) ಇಬ್ಬರಿಗೂ ಬರುವ ಸಂಭವ ಇತರ ಅವಳಿಗಳಿಗಿಂತ ಬಹಳ ಹೆಚ್ಚು. ಹಾಗಂತ ಯಾವುದೋ ಒಂದು ಜೀನ್ ಕೆಟ್ಟು ಬರುವ ಕಾಯಿಲೆಯಲ್ಲ ಇದು. ಚೀನಾದ ಸಂಶೋಧಕರು 2011ರಲ್ಲಿ ವರ್ಣತಂತುಗಳ ಮೇಲೆ ಇದಕ್ಕೆ ಸಂಬಂಧಪಟ್ಟ ಮೂರು ತಾಣಗಳನ್ನು ಗುರುತಿಸಿದರು. ಯುರೋಪ್ ಮೂಲದ ಮಹಿಳೆಯರ ಮೇಲಿನ ದೊಡ್ಡ ಅಧ್ಯಯನವೊಂದು 2018ರಲ್ಲಿ 14 ತಾಣಗಳನ್ನು ಪಟ್ಟಿ ಮಾಡಿತು. ಒಂದೊಂದರ ಪ್ರಭಾವವೂ ಚಿಕ್ಕದು.

ಇನ್ನು ತೂಕದ ಮಾತು. ಬೊಜ್ಜಿನ ಜೀನ್ ಎಂದೇ ಹೆಸರಾದ ಎಫ್‌ಟಿಒಗೂ ತೂಕಕ್ಕೂ ಇರುವ ನಂಟು 2007ರಲ್ಲಿ ಪತ್ತೆಯಾಯಿತು. ಈ ಜೀನ್‌ನ ಅಪಾಯಕಾರಿ ರೂಪ ತಂದೆ-ತಾಯಿ ಇಬ್ಬರಿಂದಲೂ ಬಂದವರು ಸರಾಸರಿ ಮೂರು ಕೆ.ಜಿ.ಯಷ್ಟು ಹೆಚ್ಚು ತೂಗುತ್ತಾರೆ. ಅಂಥವರು ಪಥ್ಯ, ವ್ಯಾಯಾಮ ಮಾಡಿದಾಗ ಏನಾಗುತ್ತದೆ? ಒಂಬತ್ತು ಸಾವಿರಕ್ಕೂ ಹೆಚ್ಚು ಜನ ಭಾಗವಹಿಸಿದ್ದ ಎಂಟು ಪ್ರಯೋಗಗಳನ್ನು 2016ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಆ ಅಪಾಯಕಾರಿ ರೂಪ ಇದ್ದವರೂ ಇಲ್ಲದವರಷ್ಟೇ ಇಳಿದಿದ್ದರು. ಇವು ಪಿಸಿಒಎಸ್ ಇರುವವರಿಗೆಂದೇ ನಡೆದ ಪ್ರಯೋಗಗಳಲ್ಲ, ಆದರೂ ಪಾಠ ನಿಮಗೂ ಸಲ್ಲುತ್ತದೆ. ಜೀನ್‌ಗಳಿಂದಾಗಿ ತೂಕ ಬೇಗ ಏರಬಹುದು, ಪಟ್ಟ ಶ್ರಮ ಮಾತ್ರ ವ್ಯರ್ಥವಾಗುವುದಿಲ್ಲ.

ನಿಮಗೆ ಕಷ್ಟವಾಗುತ್ತಿರುವುದು ಸೋಮಾರಿತನದಿಂದಲ್ಲ. ಈ ತೊಂದರೆ ಇರುವ ಬಹಳಷ್ಟು ಮಹಿಳೆಯರಲ್ಲಿ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಹಾಗಾಗಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಎಷ್ಟು ಉಜ್ಜಿದರೂ ಹೋಗದ, ಮಖಮಲ್ಲಿನಂತೆ ದಪ್ಪಗಾದ ಕಪ್ಪು ಚರ್ಮ ಇದೆಯೇ ನೋಡಿಕೊಳ್ಳಿ. ಅದು ಕೊಳೆಯಲ್ಲ, ಇನ್ಸುಲಿನ್ ಹೆಚ್ಚಿರುವುದರ ಗುರುತು. ಹೆಚ್ಚಾದ ಇನ್ಸುಲಿನ್ ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ. ಗಲ್ಲದ ಕೂದಲು, ತಪ್ಪುವ ಮುಟ್ಟು ಎರಡಕ್ಕೂ ಇದೇ ಮೂಲ.

ಆದ್ದರಿಂದ 55 ಕೆ.ಜಿ.ಗೆ ಇಳಿಯಬೇಕೆಂಬ ಹಟ ಬಿಡಿ. ಈಗಿರುವ ತೂಕದಲ್ಲಿ ಶೇ 5ರಷ್ಟು, ಅಂದರೆ ನಾಲ್ಕು ಕೆ.ಜಿ.ಗೂ ತುಸು ಕಡಿಮೆ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹಳಿಗೆ ಬರುತ್ತದೆ. ಪಿಸಿಒಎಸ್‌ಗೆಂದೇ ಬೇರೆ ಪಥ್ಯವಿಲ್ಲ. ತಟ್ಟೆಯ ಅರ್ಧ ಪಲ್ಯ-ಸೊಪ್ಪು, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನವೋ ಮುದ್ದೆಯೋ ಇರಲಿ. ರಾಗಿ ಒಳ್ಳೆಯದೆಂದು ಎರಡು ಮುದ್ದೆ ಉಂಡರೆ ಪ್ರಯೋಜನವಿಲ್ಲ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆರಡು ಚಮಚ ಸಕ್ಕರೆ ಅಂದರೆ ಸುಮಾರು 40 ಗ್ರಾಂ ಸಕ್ಕರೆ ಒಳಗೆ ಹೋಯಿತು! ವಾರದಲ್ಲಿ ಆರು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ. ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡುವ, ಭಾರ ಎತ್ತುವಂಥ ವ್ಯಾಯಾಮವೂ ಇರಲಿ. ಮುಟ್ಟು ಮೂರು ತಿಂಗಳು ದಾಟಿದರೆ ಕಾಯಬೇಡಿ, ವೈದ್ಯರನ್ನು ಕಾಣಿ. ಮುಟ್ಟಾಗದೆ ಗರ್ಭಕೋಶದ ಒಳಪದರ ದಪ್ಪಗಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಪ್ರಶ್ನೆ: ಎಂಜಲು ಕಳಿಸಿದರೆ ಜೀನ್ ನೋಡಿ ನನಗೆ ಯಾವ ಡಯಟ್ ಸರಿ ಎಂದು ಹೇಳುವ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ಪಿಸಿಒಡಿ ಇರುವವರು ಮಾಡಿಸಬಹುದೇ?
– ಓದುಗಿ, ಬೆಂಗಳೂರು

ಉತ್ತರ: ದುಡ್ಡು ಉಳಿಸಿಕೊಳ್ಳಿ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯ ಇದನ್ನೇ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. 609 ಜನರಲ್ಲಿ ಕೆಲವರಿಗೆ ಕೊಬ್ಬು ಕಡಿಮೆ ಇರುವ ಊಟ, ಉಳಿದವರಿಗೆ ಪಿಷ್ಟ ಕಡಿಮೆ ಇರುವ ಊಟ. ಒಂದು ವರ್ಷದ ಕೊನೆಗೆ ಮೊದಲನೆಯವರು ಸರಾಸರಿ 5.3 ಕೆ.ಜಿ., ಎರಡನೆಯವರು 6 ಕೆ.ಜಿ. ಇಳಿದಿದ್ದರು. ಜೀನ್‌ಗೆ ‘ಹೊಂದುವ’ ಊಟ ಸಿಕ್ಕವರಿಗೆ ಯಾವ ಹೆಚ್ಚುಗಾರಿಕೆಯೂ ಕಾಣಲಿಲ್ಲ. ಆ ಕಿಟ್‌ನಿಂದ ಪಿಸಿಒಎಸ್ ಇದೆಯೋ ಇಲ್ಲವೋ ಎಂದೂ ಹೇಳಲಾಗದು. ಅದೇ ದುಡ್ಡಿನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ, ಕೊಲೆಸ್ಟರಾಲ್, ಥೈರಾಯ್ಡ್ ಮಾಡಿಸಿ. ದರ್ಜಿ ಟೇಪ್ ಹಿಡಿದು ಸೊಂಟದ ಸುತ್ತಳತೆಯನ್ನೂ ನೋಡಿ. ಭಾರತೀಯ ಮಹಿಳೆಯರಿಗೆ 80 ಸೆಂ.ಮೀ. ದಾಟಿದರೆ ಎಚ್ಚರಿಕೆ ಬೇಕು.

ಪ್ರಶ್ನೆ: ಮಗಳಿಗೆ 15. ದೊಡ್ಡವಳಾಗಿ ಎರಡು ವರ್ಷ. ಮುಟ್ಟು ನಲವತ್ತು ದಿನಕ್ಕೊಮ್ಮೆ ಬರುತ್ತದೆ. ಸ್ಕ್ಯಾನಿಂಗ್‌ನಲ್ಲಿ ನೀರುಗುಳ್ಳೆ ಕಂಡವಂತೆ. ನನಗೂ ಪಿಸಿಒಡಿ ಇತ್ತು. ನನ್ನಿಂದಲೇ ಬಂತೇ? ಅನ್ನ ಬಿಡಿಸಲೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು, ಮಗಳಿಗೆ ಪಿಸಿಒಡಿ ಇದೆ ಎಂದು ಈಗಲೇ ತೀರ್ಮಾನಿಸಬೇಡಿ ತಾಯಿ. ಋತುಮತಿಯಾದ ಎಂಟು ವರ್ಷದೊಳಗೆ ಸ್ಕ್ಯಾನಿಂಗ್ ನೋಡಿ ಈ ಕಾಯಿಲೆ ನಿರ್ಧರಿಸಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆ ಗುಳ್ಳೆಗಳು ಗಡ್ಡೆಯಲ್ಲ, ಅಂಡಾಣು ಇರುವ ಪುಟ್ಟ ಕೋಶಗಳು. ಈ ವಯಸ್ಸಿನಲ್ಲಿ ಅವು ಹೆಚ್ಚಿರುವುದು ಸಹಜ. ಎರಡನೇ ವರ್ಷದಲ್ಲಿ 45 ದಿನದವರೆಗಿನ ಅಂತರವೂ ಸಹಜವೇ. ನಿಮ್ಮ ಹಿನ್ನೆಲೆಯಿಂದ ಅವಳಿಗೆ ಸಂಭವ ಹೆಚ್ಚು, ಹಾಗೆಂದು ಅದು ನಿಮ್ಮ ತಪ್ಪಲ್ಲ. ಮೊಡವೆ, ಮುಖದ ಕೂದಲು ಜಾಸ್ತಿಯಾದರೆ ಅಥವಾ ಅಂತರ ಹೆಚ್ಚಿದರೆ ತೋರಿಸಿ. ಅನ್ನ ಬಿಡಿಸುವುದು ಬೇಡ. ಬೇಕರಿ ತಿಂಡಿ, ಬಾಟಲಿ ಪಾನೀಯ ತರುವುದನ್ನು ಇಡೀ ಮನೆಯವರೇ ನಿಲ್ಲಿಸಿ. ನೆಂಟರೆದುರು ಅವಳ ಮೈ ಬಗ್ಗೆ ಮಾತು ಬೇಡವೇ ಬೇಡ.

ಪ್ರಶ್ನೆ: ನನಗೂ ಪಿಸಿಒಡಿ. ಮದುವೆಯಾಗಿ ಒಂದು ವರ್ಷ, ಮಗು ಬೇಕೆಂದಿದ್ದೇವೆ. ಮೆಟ್‌ಫಾರ್ಮಿನ್ ನುಂಗಿದರೆ ಸಣ್ಣಗಾಗುತ್ತೇನೆಯೇ? ವಾರಕ್ಕೊಮ್ಮೆಯ ಇಂಜೆಕ್ಷನ್ ತೆಗೆದುಕೊಳ್ಳಲೇ?
– ಓದುಗಿ, ಹುಬ್ಬಳ್ಳಿ

ಉತ್ತರ: ಮೆಟ್‌ಫಾರ್ಮಿನ್ ಇನ್ಸುಲಿನ್ ದೋಷಕ್ಕೆ ಒಳ್ಳೆಯ ಮಾತ್ರೆ, ತೂಕ ಇಳಿಸುವುದರಲ್ಲಿ ಅದರ ಪಾಲು ಅಲ್ಪ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳಿಂದ ತೂಕ ಚೆನ್ನಾಗಿಯೇ ಇಳಿಯುತ್ತದೆ, ಆದರೆ ಬಸುರಿನಲ್ಲಿ ಅವು ಸಲ್ಲವು. ಸೆಮಾಗ್ಲುಟೈಡ್ ಆದರೆ ಗರ್ಭ ಧರಿಸುವ ಯೋಜನೆಗೆ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ತೂಕ ಇಳಿದಂತೆ ಅಂಡೋತ್ಪತ್ತಿ ಮರಳಿ, ಎಣಿಸದೆ ಗರ್ಭ ನಿಲ್ಲಬಹುದು ಎನ್ನುವುದೂ ನೆನಪಿರಲಿ. ನಿಮಗೆ ಮಗು ಈಗಲೇ ಬೇಕಿರುವುದರಿಂದ ಸ್ತ್ರೀರೋಗ ತಜ್ಞರನ್ನು ಕಂಡು ಅಂಡೋತ್ಪತ್ತಿಗೆ ಲೆಟ್ರೊಝೋಲ್ ಮಾತ್ರೆಯ ವಿಚಾರ ಕೇಳಿ. ಹೋಗುವಾಗ ಪತಿಯನ್ನೂ ಕರೆದುಕೊಂಡು ಹೋಗಿ, ಅವರ ವೀರ್ಯ ಪರೀಕ್ಷೆಯೂ ಆಗಬೇಕು.