ಕಣಜ ತುಂಬಿದೆ, ಅಳೆದು ಬಡಿಸಿ

ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲೇ ನನ್ನ ನೌಕರಿ ಕಳೆಯಿತು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಪಠ್ಯಪುಸ್ತಕ ಬಿಟ್ಟರೆ ಮಕ್ಕಳು ಓದುವಂಥ ಪುಸ್ತಕಗಳು ಒಂದು ಟ್ರಂಕಿನಲ್ಲಿದ್ದವು. ಹರಿದರೆ ಯಾರು ಲೆಕ್ಕ ಕೊಡುವುದು ಎಂಬ ಭಯಕ್ಕೆ ಆ ಟ್ರಂಕಿಗೂ ಬೀಗ. ಈಗ ಹಾಗಲ್ಲ. ಕೈಯಲ್ಲಿರುವ ಫೋನಿನಲ್ಲೇ ಕನ್ನಡದ ನೂರಾರು ಮಕ್ಕಳ ಕಥೆಗಳು ಬಿಟ್ಟಿ ಸಿಗುತ್ತವೆ. ಆದರೂ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳು, ಪುಟ್ಟ ಮಕ್ಕಳ ತಾಯಂದಿರು ಸಿಕ್ಕಾಗ ಕೇಳುವುದು ಒಂದೇ ಪ್ರಶ್ನೆ: “ಇಷ್ಟೊಂದು ಇದೆ, ಎಲ್ಲಿಂದ ಶುರು ಮಾಡೋದು?” ನನ್ನ ಅನುಭವಕ್ಕೆ ಬಂದಷ್ಟನ್ನು ಇಲ್ಲಿ ಹೇಳುತ್ತೇನೆ.

ಎಲ್ಲರಿಗೂ

• ಮೊದಲು ಮಾತು, ಆಮೇಲೆ ಅಕ್ಷರ. ಕಿವಿಗೆ ಬೀಳದ ಪದ ಕಣ್ಣಿಗೆ ಬಿದ್ದರೂ ಮಗುವಿಗೆ ದಕ್ಕುವುದಿಲ್ಲ. ಸೊಪ್ಪು ಬಿಡಿಸುವಾಗ, ಬಟ್ಟೆ ಮಡಚುವಾಗ ಮಗುವಿನ ಜೊತೆ ಮಾತಾಡಿ. ಒಂದೊಂದು ಪದಕ್ಕೂ ಚಪ್ಪಾಳೆ ತಟ್ಟಿಸಿ: ಬ-ದ-ನೆ-ಕಾ-ಯಿ, ಐದು ಚಪ್ಪಾಳೆ. ಪದದೊಳಗಿನ ಸದ್ದುಗಳನ್ನು ಬಿಡಿಸಿ ಕೇಳುವುದು ಓದಿನ ಮೊದಲ ಮೆಟ್ಟಿಲು. ಇದಕ್ಕೆ ಇಂಟರ್‌ನೆಟ್ಟೂ ಬೇಡ, ಕರೆಂಟೂ ಬೇಡ.

• ಫೋನು ನಿಮ್ಮ ಕೈಯಲ್ಲಿರಲಿ, ಮಗು ನಿಮ್ಮ ಮಡಿಲಲ್ಲಿರಲಿ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ನೋಡುತ್ತಾ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಕಥೆ ಹುಡುಕುವ ಕೆಲಸ ದೊಡ್ಡವರದು, ಕೇಳುವ ಸಂತೋಷ ಮಗುವಿನದು. ಬೇಕಾದ್ದನ್ನು ಮೊದಲೇ ಇಳಿಸಿಕೊಂಡು ಡೇಟಾ ಆಫ್ ಮಾಡಿ. ಆಗ ಕಥೆಯ ನಡುವೆ ಜಾಹೀರಾತು ಬರುವುದಿಲ್ಲ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಓಡುವುದಿಲ್ಲ.

• ಒಂದೇ ಕಡೆಯಿಂದ ಶುರು ಮಾಡಬೇಕೆಂದರೆ ಸ್ಟೋರಿವೀವರ್‌ನಿಂದ ಮಾಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸೆಪ್ಟೆಂಬರ್ 8ರಂದು, ಅಂತರರಾಷ್ಟ್ರೀಯ ಸಾಕ್ಷರತಾ ದಿನದಂದೇ, ಈ ಜಾಲತಾಣವನ್ನು ತೆರೆಯಿತು. ಭಾಷೆ ಎಂಬಲ್ಲಿ ಕನ್ನಡ ಆರಿಸಿದರೆ ಚಿತ್ರಕಥೆಗಳ ಸಾಲೇ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ.

• ಮಗುವಿನ ತರಗತಿ ನೋಡಬೇಡಿ, ಕಥೆಯ ಹಂತ ನೋಡಿ. ಸ್ಟೋರಿವೀವರ್‌ನಲ್ಲಿ ಕಥೆಗಳಿಗೆ ನಾಲ್ಕು ಹಂತ. ಮೊದಲ ಹಂತದಲ್ಲಿ ಸುಲಭ ಪದಗಳು, ಮತ್ತೆ ಮತ್ತೆ ಬರುವ ಮಾತುಗಳು, 250ಕ್ಕಿಂತ ಕಡಿಮೆ ಪದ. ನಾಲ್ಕನೆಯದು ಸರಾಗವಾಗಿ ಓದುವವರಿಗೆ. ಮಗು ಮೂರನೇ ತರಗತಿಯಲ್ಲಿದ್ದೂ ತಡವರಿಸುತ್ತಿದ್ದರೆ ಮೊದಲ ಹಂತವನ್ನೇ ಕೊಡಿ. ಅದರಲ್ಲಿ ಅವಮಾನವಿಲ್ಲ. ಪೂರ್ತಿ ಓದಿ ಮುಗಿಸಿದೆ ಎಂಬ ಹೆಮ್ಮೆ ಆ ಮಗುವಿಗೆ ಬೇಕು.

• ಒಂದೇ ಕಥೆಯನ್ನು ಹತ್ತು ಸಲ ಓದಲು ಬೇಸರಪಡಬೇಡಿ. ದೊಡ್ಡವರಿಗೆ ಅದು ಹಳಸಲು, ಮಗುವಿಗೆ ಅಭ್ಯಾಸ. ಓದುವಾಗ ಪದದ ಕೆಳಗೆ ಬೆರಳು ಓಡಿಸಿ. ನಾಲ್ಕನೆಯ ಸಲಕ್ಕೆ ಮಗು ನಿಮಗಿಂತ ಮೊದಲೇ ಮುಂದಿನ ಮಾತು ಹೇಳುತ್ತದೆ. ಏಳನೆಯ ಸಲಕ್ಕೆ ನಿಮ್ಮ ಬೆರಳನ್ನು ಸರಿಸಿ ತನ್ನ ಬೆರಳಿಡುತ್ತದೆ. ನೂರು ಕಥೆ ಇಳಿಸಿಟ್ಟು ಒಂದನ್ನೂ ಓದದ ಮನೆಗಿಂತ, ನಾಲ್ಕೇ ಕಥೆ ಬಾಯಿಪಾಠವಾದ ಮನೆ ಮೇಲು.

• ಸಾಧ್ಯವಾದಾಗೆಲ್ಲ ಕಾಗದಕ್ಕೆ ಇಳಿಸಿ. ಸ್ಟೋರಿವೀವರ್‌ನಲ್ಲಿ ಉಚಿತವಾಗಿ ನಿಮ್ಮ ಹೆಸರು ನೋಂದಾಯಿಸಿಕೊಂಡರೆ ಕಥೆಯನ್ನು ಪಿಡಿಎಫ್ ಆಗಿ ಪಡೆಯಬಹುದು. ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು-ಬಿಳುಪಿನಲ್ಲಿ ತೆಗೆಸಿ, ನಡುವೆ ಮಡಚಿ, ದಬ್ಬಣದಿಂದ ಮೂರು ತೂತು ಮಾಡಿ ದಾರ ಹಾಕಿ. ನನ್ನ ಮೊಮ್ಮಗಳಿಗೆ ಹೀಗೆ ಹೊಲಿದು ಕೊಟ್ಟ ಪುಸ್ತಕದ ಆನೆಗೆ ಅವಳೇ ಬಣ್ಣ ಹಚ್ಚಿದಳು, ಹಿಂದಿನ ಪುಟದಲ್ಲಿ ತನ್ನ ಹೆಸರು ಬರೆದಳು. ಈಗ ಅದರ ಮೂಲೆಗಳೆಲ್ಲ ಸವೆದಿವೆ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವ ಪುಸ್ತಕ ಅದು.

ಮನೆಯವರಿಗೆ

• ಆತುರ ಬೇಡ. ಪಕ್ಕದ ಮನೆಯ ಮಗು ಇಂಗ್ಲಿಷಿನ 26 ಅಕ್ಷರ ಒಪ್ಪಿಸಿತು, ನಮ್ಮದಕ್ಕೆ ಕಾಗುಣಿತವೇ ಬಂದಿಲ್ಲ ಎಂದು ಕೊರಗುವ ತಾಯಂದಿರನ್ನು ಕಂಡಿದ್ದೇನೆ. ಕನ್ನಡದಲ್ಲಿ ಕಲಿಯಬೇಕಾದ ರೂಪಗಳು ಹೆಚ್ಚು: ಮೂಲಾಕ್ಷರ, ಅದರ ಮೇಲೆ ಇಳಿ, ಗುಡಿಸು, ಕೊಂಬು, ಏತ್ವ, ಆಮೇಲೆ ಒತ್ತು. ಕನ್ನಡದ ಮಕ್ಕಳು ಇವನ್ನೆಲ್ಲ ಹಿಡಿಯಲು ಮೊದಲೆರಡು ತರಗತಿ ದಾಟಿಯೂ ಕಾಲ ತೆಗೆದುಕೊಳ್ಳುತ್ತಾರೆ ಎಂಬುದನ್ನು ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒತ್ತಕ್ಷರದಲ್ಲಿ ತಡವರಿಸುವ ಮಗು ದಡ್ಡ ಮಗುವಲ್ಲ.

• ಮನೆಮಾತನ್ನು ಬಿಡಿಸಬೇಡಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ಲಂಬಾಣಿ, ಕೊಡವ ಯಾವುದೇ ಇರಲಿ, ಕಥೆಯ ಚಿತ್ರ ತೋರಿಸುತ್ತಾ ಆ ಭಾಷೆಯಲ್ಲೇ ಮಾತಾಡಿ, ಆಮೇಲೆ ಕನ್ನಡದ ಸಾಲು ಓದಿ. ಓದಲು ಬಾರದ ಅಜ್ಜಿ-ತಾತ ಇದ್ದರೆ ಅಕ್ಷರವೇ ಇಲ್ಲದ ಚಿತ್ರಪುಸ್ತಕ ತೆರೆದು ಅವರ ಕೈಗೆ ಕೊಡಿ. ಅವರಷ್ಟು ಚೆನ್ನಾಗಿ ಕಥೆ ಕಟ್ಟುವವರು ಯಾರಿದ್ದಾರೆ?

• ಫೋನು ಇಲ್ಲದವರು ಕೈಚೆಲ್ಲಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಮಗುವಿನ ಹೆಸರು ಬರೆಸಿ, ವಾರಕ್ಕೊಂದು ಸಂಜೆ ಜೊತೆಯಲ್ಲಿ ಕರೆದುಕೊಂಡು ಹೋಗಿ.

• ಪರವೂರು, ಪರದೇಶದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರೇ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಒಂದನೇ ತರಗತಿಯಿಂದಲೇ ಕನ್ನಡ ಪಠ್ಯಪುಸ್ತಕಗಳು ಪಿಡಿಎಫ್ ರೂಪದಲ್ಲಿವೆ. ವಾರಕ್ಕೆ ಒಂದು ಪಾಠ ಸಾಕು. ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡಿದಾಗ ಮಗು ಒಂದು ಪುಟ ಓದಿ ಹೇಳಲಿ. ಕೇಳುವವರೊಬ್ಬರು ಇದ್ದಾರೆ ಎಂದರೆ ಓದಲು ಹುರುಪು ತಾನಾಗಿ ಬರುತ್ತದೆ.

• ಮಗುವಿನ ಹೆಸರು, ಫೋಟೊ, ಶಾಲೆ, ಮೊಬೈಲ್ ನಂಬರ್ ಎಲ್ಲ ಕೇಳುವ ಆಪ್‌ನಿಂದ ದೂರವಿರಿ. ಕಥೆ ಓದಲು ಇಷ್ಟೆಲ್ಲ ವಿವರ ಯಾಕೆ ಬೇಕು ಎಂದು ಒಂದು ಸಲ ಯೋಚಿಸಿ.

ಶಾಲೆಯವರಿಗೆ

• ಕಲಿತ ಅಕ್ಷರದಲ್ಲೇ ಪದ ಕಟ್ಟಿಸಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ನಲಿಕಲಿ ಎಂಬ ಕಲಿಕಾ ಪದ್ಧತಿ ನಮಗೆ ಕಲಿಸಿದ ದೊಡ್ಡ ಪಾಠ ಇದು. ಅಲ್ಲಿ ಓದು ‘ಅ ಆ ಇ ಈ’ಯಿಂದ ಶುರುವಾಗುವುದಿಲ್ಲ, ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರು. ಅಷ್ಟರಲ್ಲೇ ಸರ, ಅರಸ, ಅಗಸ ಓದಲು ಬರುತ್ತದೆ. ನನ್ನ ತರಗತಿಯಲ್ಲಿ ಬಡಗಿಯ ಮಗನೊಬ್ಬನಿದ್ದ, ಮಾತೇ ಆಡದ ಹುಡುಗ. ಒಂದು ದಿನ ಪದ ಬರೆದ ಮಿಂಚುಪಟ್ಟಿ ಹಿಡಿದು “ಗ… ರ… ಗ… ಸ…” ಎಂದು ಕೂಡಿಸಿಕೊಂಡು ಓದಿ, ತಟ್ಟನೆ ಎದ್ದು ನಿಂತು, “ಟೀಚರ್, ಗರಗಸ! ನಮ್ಮಪ್ಪನ ಹತ್ರ ಐತೆ!” ಎಂದ. ಅಕ್ಷರಕ್ಕೆ ಅರ್ಥ ಇದೆ ಎಂದು ಅವನಿಗೆ ಗೊತ್ತಾದ ಗಳಿಗೆ ಅದು. ನೀವು ಅಂತರ್ಜಾಲದಿಂದ ಏನೇ ತಂದರೂ ಇಂಥ ಗಳಿಗೆ ಬರುತ್ತದೆಯೇ ಎಂದು ನೋಡಿ ಆರಿಸಿ.

• ದೀಕ್ಷಾದ ಪಾಠವನ್ನು ಮೊದಲು ನೀವು ನೋಡಿ. 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ವೇದಿಕೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಅಚ್ಚಾಗಿರುವ ಕ್ಯುಆರ್ ಕೋಡ್‌ನಿಂದಲೇ ದಾರಿ ಇದೆ. ಹಿಂದಿನ ಸಂಜೆಯೇ ಮನೆಯಲ್ಲಿ ಪೂರ್ತಿ ನೋಡಿ, ನಿಮ್ಮ ಮಕ್ಕಳಿಗೆ ಹೊಂದುವ ಮೂರು ನಿಮಿಷದ ಭಾಗ ಗುರುತು ಮಾಡಿಕೊಳ್ಳಿ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ. ವಿಡಿಯೊ ಹಚ್ಚಿ ಪಕ್ಕಕ್ಕೆ ಕೂತರೆ ಅದು ಪಾಠವಾಗುವುದಿಲ್ಲ.

• ಬೇರೆ ಬೇರೆ ಮನೆಮಾತಿನ ಮಕ್ಕಳಿದ್ದರೆ ಭಾರತವಾಣಿ ಜಾಲತಾಣದ ನಿಘಂಟುಗಳು ನೆರವಿಗೆ ಬರುತ್ತವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಿಂದ ಇದನ್ನು ನಡೆಸುತ್ತಿದೆ. ಮಗುವಿನ ಭಾಷೆಯ ಹತ್ತೇ ಪದ ನೀವು ಕಲಿತು ಹೇಳಿದರೂ ಅದು ಮುಖ ಅರಳಿಸಿಕೊಂಡು ನಿಮ್ಮ ಹತ್ತಿರ ಬರುತ್ತದೆ.

• ನೋಡಲು ಉಚಿತ ಎಂದರೆ ಹಂಚಲು ಉಚಿತ ಎಂದಲ್ಲ. ವಾಟ್ಸ್‌ಆಪ್‌ನಲ್ಲಿ ಯಾರೋ ಕಳಿಸಿದ ಪುಸ್ತಕವನ್ನು ಜೆರಾಕ್ಸ್ ಮಾಡಿಸುವ ಮುಂಚೆ ಯೋಚಿಸಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯವಿರುತ್ತದೆ. ಮಕ್ಕಳ ಪದ್ಯಗಳನ್ನು ಬರೆದ ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹ ಈಗ ಎಲ್ಲರದು. ಅವರಂತೆಯೇ ಮಕ್ಕಳಿಗಾಗಿ ಬರೆದ ಜಿ.ಪಿ. ರಾಜರತ್ನಂ ತೀರಿಕೊಂಡದ್ದು 1979ರಲ್ಲಿ, ಅವರದಕ್ಕೆ ಇನ್ನೂ ಕಾಲವಿದೆ. ಸ್ಟೋರಿವೀವರ್ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಂದವು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಉಳಿಸಿಕೊಂಡು ಧಾರಾಳವಾಗಿ ಅಚ್ಚು ಹಾಕಿಸಬಹುದು, ಅನುವಾದವನ್ನೂ ಮಾಡಬಹುದು.

• ಮಕ್ಕಳ ಕೈಯಲ್ಲೇ ಪುಸ್ತಕ ಮಾಡಿಸಿ. ಓದಿದ ಕಥೆಯನ್ನು ಅವರ ಮಾತಿನಲ್ಲಿ ಹೇಳಿಸಿ, ನೀವು ಬರೆದುಕೊಳ್ಳಿ, ಅವರು ಚಿತ್ರ ಬಿಡಿಸಲಿ. ತರಗತಿಯಲ್ಲಿ ತಲೆಯ ಮೇಲೆ ಚಪ್ಪರದಂತೆ ಕಟ್ಟಿದ ದಾರಕ್ಕೆ ಅದನ್ನು ಸಿಕ್ಕಿಸಿ. ಮಧ್ಯಾಹ್ನ ಊಟದ ತಟ್ಟೆ ತೊಳೆದು ಬಂದ ಮಕ್ಕಳು ಕತ್ತೆತ್ತಿ ಓದುವುದು ಮೊದಲು ತಮ್ಮ ಹೆಸರನ್ನು, ಆಮೇಲೆ ಗೆಳೆಯನ ಕಥೆಯನ್ನು.

• ಪುಸ್ತಕ ಹರಿಯಲಿ, ಬಿಡಿ. ಹರಿದದ್ದನ್ನು ಅಂಟಿಸಬಹುದು, ಇನ್ನೊಂದು ಪ್ರತಿ ತೆಗೆಯಬಹುದು. ಟ್ರಂಕಿಗೆ ಬೀಗ ಹಾಕಿದ ಕಾಲದಲ್ಲಿ ನಾವು ಉಳಿಸಿದ್ದು ಪುಸ್ತಕವನ್ನು, ಕಳೆದುಕೊಂಡದ್ದು ಓದುವ ಮಕ್ಕಳನ್ನು. ಆ ತಪ್ಪು ನಿಮ್ಮಿಂದ ಆಗದಿರಲಿ.

ಕಣಜ ತುಂಬಿದೆ ಎಂದು ಕೂಸಿನ ಮುಂದೆ ಮೂಟೆ ಸುರಿಯುವ ತಾಯಿ ಇಲ್ಲ. ಅಳೆದು ತಂದು, ಬೇಯಿಸಿ, ಮಿದ್ದು, ತುತ್ತು ಮಾಡಿ ತಿನ್ನಿಸುತ್ತಾಳೆ. ಓದೂ ಹಾಗೆಯೇ. ಇವತ್ತು ರಾತ್ರಿ ಊಟ ಮುಗಿದ ಮೇಲೆ ಟಿವಿ ಆರಿಸಿ, ಒಂದೇ ಒಂದು ಕಥೆ ತೆರೆದು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆರಳಿಟ್ಟು ಓದಿ. ನಾಳೆಯೂ ಅದನ್ನೇ ಓದಿ.