ಹಳೆಯ ಮೋಟಾರು: ಓಡಿಸಿ ತರುವುದೋ, ಹೊರಿಸಿ ತರುವುದೋ?

1896ನೆಯ ಇಸವಿಯ ನವೆಂಬರ್ 14ರಂದು ಲಂಡನ್ನಿನಿಂದ ಕಡಲ ತೀರದ ಬ್ರೈಟನ್ ಪಟ್ಟಣಕ್ಕೆ ಮೋಟಾರು ಬಂಡಿಗಳ ಮೆರವಣಿಗೆಯೊಂದು ಹೊರಟಿತು. ಅಂದೇ ಜಾರಿಗೆ ಬಂದ ಹೊಸ ಕಾನೂನು ಹಗುರವಾದ ಮೋಟಾರು ಬಂಡಿಗಳ ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿತ್ತು. ಬಂಡಿಯ ಮುಂದೆ ಒಬ್ಬ ಮನುಷ್ಯನು ನಡೆದು ಹೋಗಬೇಕೆಂಬ ಹಳೆಯ ನಿಬಂಧನೆಯೂ ಅದರೊಂದಿಗೆ ತೊಲಗಿತ್ತು. ಆ ಸಂತೋಷಕ್ಕಾಗಿ ಬೆಳಗಿನ ಉಪಾಹಾರದ ಸಮಯದಲ್ಲಿ ಕೆಂಪು ಬಾವುಟವೊಂದನ್ನು ವಿಧ್ಯುಕ್ತವಾಗಿ ಹರಿದುಹಾಕಿ ಜನರು ಹೊರಟರು. ಹೊರಟ ಬಂಡಿಗಳು ಮೂವತ್ತಕ್ಕೂ ಮಿಕ್ಕು. ಊರು ಮುಟ್ಟಿದವು ಅದರ ಅರ್ಧದಷ್ಟು. ಮುಟ್ಟಿದವುಗಳ ಪೈಕಿ ಒಂದನ್ನು ರೈಲಿನಲ್ಲಿ ಬ್ರೈಟನ್ನಿಗೆ ಸಾಗಿಸಿ, ಗುರಿಯ ಗೆರೆಯನ್ನು ದಾಟುವ ಮುನ್ನ ಮೈಗೆಲ್ಲ ಕೆಸರು ಬಳಿದು ತಂದರೆಂಬ ಅಪವಾದವು ಇಂದಿಗೂ ಪ್ರಚಲಿತವಾಗಿದೆ. ಕಥೆ ನಿಜವೋ ಸುಳ್ಳೋ, ಕಾರನ್ನು ಓಡಿಸಿಕೊಂಡು ಬರುವುದು ಮೇಲೋ ಹೊರಿಸಿಕೊಂಡು ಬರುವುದು ಮೇಲೋ ಎಂಬ ವಿವಾದಕ್ಕೆ ಹೆಚ್ಚುಕಡಿಮೆ ಮೋಟಾರಿನಷ್ಟೇ ವಯಸ್ಸಾಗಿದೆಯೆಂಬುದಕ್ಕೆ ಅದು ಸಾಕ್ಷಿ.

ಇಂದು ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ಹಳೆಯ ಕಾರುಗಳ ಪ್ರದರ್ಶನಗಳು ವರ್ಷವಿಡೀ ನಡೆಯುತ್ತವೆ. ಕೆಲವರು ತಮ್ಮ ಕಾರನ್ನು ನೂರಾರು ಮೈಲಿ ತಾವೇ ನಡೆಸಿಕೊಂಡು ಬರುತ್ತಾರೆ. ಮತ್ತೆ ಕೆಲವರು ಅದನ್ನು ಟ್ರೈಲರಿನ ಮೇಲೇರಿಸಿ, ಹಗ್ಗಪಟ್ಟಿಗಳಿಂದ ಬಿಗಿದು, ಹೊಸ ವಾಹನವೊಂದರ ಹಿಂದೆ ಎಳೆದು ತರುತ್ತಾರೆ. ಓಡಿಸುವವರು ಹೊರಿಸುವವರನ್ನು ಹೇಡಿಗಳೆಂದು ಹಾಸ್ಯಮಾಡುತ್ತಾರೆ. ಹೊರಿಸುವವರು ಓಡಿಸುವವರನ್ನು ಅವಿವೇಕಿಗಳೆಂದು ಮರುಕದಿಂದ ನೋಡುತ್ತಾರೆ. ಈ ಹಾಸ್ಯವೂ ಮರುಕವೂ ನಮಗೆ ಮುಖ್ಯವಲ್ಲ. ಚಲಿಸುವಾಗ ಯಂತ್ರದಲ್ಲಿ ಏನು ಸವೆಯುತ್ತದೆ, ನಿಂತಾಗ ಏನು ಕೆಡುತ್ತದೆ, ಹೊತ್ತೊಯ್ಯುವಾಗ ಏನು ಘಾಸಿಗೊಳ್ಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಭೌತ ಮತ್ತು ರಸಾಯನ ಶಾಸ್ತ್ರಗಳ ಮುಂದಿಟ್ಟು ನೋಡೋಣ. ಹೋದರೆ ಮತ್ತೆ ಬಾರದ ವಸ್ತುವಿನ ಮಾತು ಇದು. ತೊಂಬತ್ತು ವರ್ಷದ ಹಿಂದೆ ಮುಚ್ಚಿಹೋದ ಕಾರ್ಖಾನೆಯ ಎರಕದ ಸಿಲಿಂಡರು ಒಡೆದರೆ ಅಂಗಡಿಯಲ್ಲಿ ಇನ್ನೊಂದು ಸಿಗದು.

ಮೊದಲು ಹೊರಿಸುವವರ ಪಕ್ಷದಲ್ಲಿರುವ ಬಲವಾದ ವಾದವನ್ನು ಕೇಳಬೇಕು. ಅದು ಬ್ರೇಕಿಗೆ ಸಂಬಂಧಿಸಿದ್ದು. 1920ರ ದಶಕದ ನಡುಭಾಗದವರೆಗೆ ತಯಾರಾದ ಹೆಚ್ಚಿನ ಕಾರುಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕುಗಳಿದ್ದವು. ಬ್ರೇಕು ಹಾಕಿದೊಡನೆ ಜಡತ್ವದ ಕಾರಣದಿಂದ ಬಂಡಿಯ ಭಾರವು ಮುಂದಿನ ಚಕ್ರಗಳತ್ತ ವಾಲುತ್ತದೆಂಬುದು ಬಸ್ಸಿನಲ್ಲಿ ನಿಂತು ಪಯಣಿಸಿದವರಿಗೆಲ್ಲ ಗೊತ್ತು. ಆದುದರಿಂದ ಹಿಡಿತ ಬೇಕಾದ ಹಿಂದಿನ ಚಕ್ರಗಳು, ಬೇಕಾದ ಹೊತ್ತಿನಲ್ಲಿಯೇ ಹಗುರಾಗುತ್ತವೆ. ಇದನ್ನು ಲೆಕ್ಕದಿಂದ ನೋಡಬಹುದು. ಭಾರವು ನಾಲ್ಕು ಚಕ್ರಗಳ ಮೇಲೆ ಸಮನಾಗಿ ಹಂಚಿದೆಯೆಂದೂ, ಗುರುತ್ವಕೇಂದ್ರದ ಎತ್ತರವು ಮುಂದಿನ ಹಿಂದಿನ ಅಚ್ಚುಗಳ ನಡುವಣ ಅಂತರದ ಕಾಲು ಭಾಗವೆಂದೂ, ಟೈರಿಗೂ ರಸ್ತೆಗೂ ಇರುವ ಘರ್ಷಣಾಂಕ 0.7 ಎಂದೂ ಇಟ್ಟುಕೊಳ್ಳಿ. ಹಿಂದಿನ ಬ್ರೇಕುಗಳಿಂದಷ್ಟೇ ದೊರೆಯಬಹುದಾದ ಗರಿಷ್ಠ ಅವರೋಧವು ಗುರುತ್ವ ವೇಗೋತ್ಕರ್ಷದ 0.3 ಭಾಗದಷ್ಟಾಗುತ್ತದೆ, ನಾಲ್ಕೂ ಚಕ್ರಗಳು ಪೂರ್ಣವಾಗಿ ದುಡಿದರೆ 0.7 ಭಾಗ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿರುವ ಹೊಸ ಕಾರು ಸುಮಾರು 20 ಮೀಟರಿನಲ್ಲಿ ನಿಂತರೆ, ಹಳೆಯದು ನಿಲ್ಲಲು ಸುಮಾರು 48 ಮೀಟರು ಬೇಕು. ಇಷ್ಟಾದರೂ ಚಕ್ರಗಳು ಜಾರದಂತೆ ಬ್ರೇಕನ್ನು ಒತ್ತಬಲ್ಲ ನುರಿತ ಕಾಲು ಇದೆಯೆಂದು ಭಾವಿಸಿದ್ದೇವೆ.

ಹಳೆಯ ಕಾರಿನ ಚಾಲಕನು ಇದನ್ನರಿತು ಮುಂದೆ ಐವತ್ತು ಮೀಟರು ಬಿಟ್ಟು ನಡೆಸುತ್ತಾನೆ. ಹಿಂದಿನಿಂದ ಬಂದ ಹೊಸ ಕಾರಿನವನಿಗೆ ಅದು ತನಗಾಗಿ ಬಿಟ್ಟ ಖಾಲಿ ಸ್ಥಳವೆಂದೇ ತೋರುತ್ತದೆ. ಅವನು ಅಲ್ಲಿ ನುಗ್ಗುತ್ತಾನೆ. ನಾನು ಹೆದ್ದಾರಿಯ ಮೇಲೆ ಟ್ರೈಲರಿನ ಪಕ್ಷಪಾತಿಯಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಬಣ್ಣಕ್ಕೆ ತಗಲುವ ಕಲ್ಲಿನ ಚೂರು, ಮಳೆ, ಧೂಳು ಇವೆಲ್ಲ ಆ ನಂತರದ ಮಾತು.

ಇನ್ನು ಎರಡನೆಯ ಪ್ರಶ್ನೆ. ಓಡದ ಯಂತ್ರ ಸವೆಯುವುದಿಲ್ಲ, ಆದುದರಿಂದ ಓಡಿಸದಿರುವುದೇ ರಕ್ಷಣೆ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶ ಕಡಿಮೆ. ಪೆಟ್ರೋಲು ಇಂಗಾಲ ಮತ್ತು ಜಲಜನಕಗಳ ಸಂಯುಕ್ತ. ಅದು ಉರಿದಾಗ ಜಲಜನಕವು ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಉರಿದರೆ ಹುಟ್ಟುವ ನೀರೂ ಹತ್ತಿರ ಹತ್ತಿರ ಒಂದು ಲೀಟರ್! ಎಂಜಿನ್ನು ಚೆನ್ನಾಗಿ ಕಾದಿದ್ದರೆ ಈ ನೀರೆಲ್ಲ ಆವಿಯಾಗಿಯೇ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಎಂಜಿನ್ನು ತಣ್ಣಗಿದ್ದರೆ ಕೊಳವೆಯ ಒಳಮೈಮೇಲೆ ಹನಿಗಟ್ಟುತ್ತದೆ. ಇನ್ನೂ ಒಂದು ಪಾಲು ಪಿಸ್ಟನ್ನಿನ ಉಂಗುರಗಳ ಸಂದಿನಿಂದ ಕೆಳಗೆ ನುಸುಳಿ, ಕೀಲೆಣ್ಣೆ ತುಂಬಿದ ತೊಟ್ಟಿಯನ್ನು ಸೇರಿ, ಅಲ್ಲಿರುವ ಆಮ್ಲಾಂಶಗಳೊಡನೆ ಬೆರೆತು ಎಣ್ಣೆಯನ್ನು ಕೆಡಿಸುತ್ತದೆ. ಹಲವು ಹಳೆಯ ಕಾರುಗಳಲ್ಲಿ, ಹೆಚ್ಚುಕಡಿಮೆ 1960ರ ದಶಕದ ಆರಂಭದವರೆಗೆ, ಈ ತೊಟ್ಟಿಯ ಆವಿಯನ್ನು ಹೊರಹಾಕಲು ಕೆಳಮುಖವಾದ ಒಂದು ಕೊಳವೆಯಿರುತ್ತಿತ್ತು. ಕಾರು ಓಡುವಾಗ ಅಡಿಯಲ್ಲಿ ಹಾಯುವ ಗಾಳಿಯೇ ಅದರ ಬಾಯಿಂದ ಆವಿಯನ್ನು ಸೆಳೆದುಕೊಳ್ಳಬೇಕು. ಕಾರು ನಿಂತಲ್ಲಿಯೇ ಎಂಜಿನ್ನು ತಿರುಗಿದರೆ ಸೆಳೆಯುವ ಗಾಳಿಯೇ ಇಲ್ಲ.

ಈಗ ಟ್ರೈಲರಿನಲ್ಲಿಯೇ ಬಾಳುವ ಕಾರಿನ ದಿನಚರಿಯನ್ನು ನೆನೆಯಿರಿ. ಮನೆಯ ಮುಂದೆ ಎಂಜಿನ್ನನ್ನು ಚಾಲೂ ಮಾಡಿ ಟ್ರೈಲರಿಗೆ ಏರಿಸುತ್ತಾರೆ, ಆರಿಸುತ್ತಾರೆ. ಪ್ರದರ್ಶನದ ಬಯಲಿನಲ್ಲಿ ಮತ್ತೆ ಚಾಲೂ ಮಾಡಿ ನೂರು ಗಜ ನಡೆಸಿ ನಿಲ್ಲಿಸುತ್ತಾರೆ. ಸಂಜೆ ಪುನಃ ಅದೇ ಕ್ರಮ. ರೇಡಿಯೇಟರಿನ ನೀರು ಕೆಲವೇ ನಿಮಿಷಗಳಲ್ಲಿ ಬಿಸಿಯಾಗಬಹುದು. ಕೀಲೆಣ್ಣೆ ಕಾಯಲು ಇಪ್ಪತ್ತು ಮೂವತ್ತು ನಿಮಿಷದ ನಿಜವಾದ ಓಟ ಬೇಕು. ಹೀಗೆ ವರ್ಷಕ್ಕೆ ನಾಲ್ಕು ಮೈಲಿ ಓಡಿದ ಎಂಜಿನ್ನು ಒಳಗಿನಿಂದ ತುಕ್ಕು ಹಿಡಿಯುತ್ತಿರುತ್ತದೆ, ಹೊರಗೆ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಓಡಿಸುವುದಕ್ಕಿಂತಲೂ ಸುಮ್ಮನೆ ಇಡುವುದಕ್ಕಿಂತಲೂ ಕೆಟ್ಟದ್ದು ಈ ಅರೆಬರೆ ಚಾಲನೆ.

ನಿಂತ ಕಾರಿನಲ್ಲಿ ಕೆಡುವ ಬೇರೆ ದ್ರವಗಳೂ ಉಂಟು. ಸಾಮಾನ್ಯ ಬ್ರೇಕು ದ್ರವವು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ಎಂಬ ವರ್ಗದ ಹೊಸ ದ್ರವವು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ನೂರಕ್ಕೆ ನಾಲ್ಕರಷ್ಟೂ ಇಲ್ಲದ ನೀರು ಬೆರೆತರೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ದ್ರವ ಹೀರುವ ತೇವಕ್ಕೂ ಕಾರು ಓಡಿದ ದೂರಕ್ಕೂ ಸಂಬಂಧವಿಲ್ಲ. ಅದಕ್ಕೆ ಬೇಕಾದುದು ಕಾಲ ಮಾತ್ರ. ಟೈರಿನ ರಬ್ಬರಿನ ಕಥೆಯೂ ಅದೇ: ಗಾಳಿಯ ಆಮ್ಲಜನಕವೂ ಓಜೋನೂ ಅದನ್ನು ಸದಾ ಬಿರುಸುಗೊಳಿಸುತ್ತಿರುತ್ತವೆ. ತುಳಿಪಟ್ಟಿ ಹೊಸದರಂತೆ ಕಂಡರೂ ಹದಿನೈದು ವರ್ಷದ ಟೈರು ನಂಬಿಕೆಗೆ ಅರ್ಹವಲ್ಲ. ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ 2021ರಿಂದ ನೂರಕ್ಕೆ ಹತ್ತರವರೆಗೆ ಎಥನಾಲ್ ಬೆರೆಸುತ್ತಾರೆ. ನಮ್ಮ ದೇಶದಲ್ಲಿ 2025ರ ಹೊತ್ತಿಗೆ ಆ ಪ್ರಮಾಣ ಇಪ್ಪತ್ತಕ್ಕೆ ಏರಿತು. ಎಥನಾಲೂ ನೀರನ್ನು ಹೀರಬಲ್ಲದು. ಹಳೆಯ ಕಾಲದ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಅಂಥ ಪೆಟ್ರೋಲನ್ನು ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಲ್ಲಿಸುವುದು ವಿವೇಕವಲ್ಲ.

ಹೊರಿಸಿ ಒಯ್ಯುವಾಗ ಕಾರಿಗೆ ಏನಾಗುತ್ತದೆಂಬ ಮೂರನೆಯ ಪ್ರಶ್ನೆಗೆ ಬಂದರೆ, ಎಂಜಿನಿಯರರು ಅದನ್ನು ಕಲಿತದ್ದು ಹಳೆಯ ಕಾರುಗಳಿಂದಲ್ಲ, ಹೊಚ್ಚ ಹೊಸ ಕಾರುಗಳಿಂದ. 1930ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟಿನಿಂದ ರೈಲಿನಲ್ಲಿ ದೂರದ ಊರುಗಳಿಗೆ ಕಳುಹಿಸಿದ ಕಾರುಗಳ ಚಕ್ರದ ಬೇರಿಂಗುಗಳು, ಒಂದು ಮೈಲಿಯನ್ನೂ ಓಡದೆ, ಕೆಟ್ಟುಹೋಗಿರುತ್ತಿದ್ದವು. ಬಿಚ್ಚಿ ನೋಡಿದರೆ ಉಕ್ಕಿನ ಓಟದ ಪಥದ ಮೇಲೆ ಗುಂಡುಗುಂಡಿಗೂ ಒಂದೊಂದರಂತೆ ಸಮಾನ ಅಂತರದಲ್ಲಿ ಸಣ್ಣ ತಗ್ಗುಗಳು. 1900ರಲ್ಲಿ ಉಕ್ಕಿನ ಗುಂಡನ್ನು ಒತ್ತಿ ಲೋಹದ ಗಡಸುತನವನ್ನು ಅಳೆಯುವ ವಿಧಾನವನ್ನು ಪ್ರಚುರಪಡಿಸಿದವನು ಸ್ವೀಡನ್ನಿನ ಬ್ರಿನೆಲ್. ಅವನ ಪರೀಕ್ಷೆಯ ಗುರುತುಗಳಂತೆಯೇ ಕಂಡರೂ ಇವು ಒತ್ತಡದಿಂದ ಆದವುಗಳಲ್ಲ. ಆದಕಾರಣ ಇದಕ್ಕೆ 'ಹುಸಿ ಬ್ರಿನೆಲ್ ಗುರುತು' ಎಂಬ ಅರ್ಥದ ಹೆಸರು ಬಿತ್ತು. 1937ರಲ್ಲಿ ಆಲ್ಮೆನ್ ಎಂಬ ಎಂಜಿನಿಯರು ಇದರ ವಿವೇಚನೆಯನ್ನು ಪ್ರಕಟಿಸಿದನು.

ಕಾರಣ ಸರಳವಾಗಿದೆ. ಚಕ್ರ ಉರುಳುವಾಗ ಬೇರಿಂಗಿನ ಗುಂಡುಗಳು ಎಣ್ಣೆಯನ್ನು ತಮ್ಮ ಮುಂದೆ ಎಳೆದುಕೊಳ್ಳುತ್ತ ಅದರ ತೆಳುಪೊರೆಯ ಮೇಲೆ ಸಾಗುತ್ತವೆ. ಪ್ರತಿ ಕ್ಷಣವೂ ಹೊಸ ಜಾಗ, ಹೊಸ ಎಣ್ಣೆ. ನಿಂತ ಚಕ್ರದಲ್ಲಿ ಗುಂಡು ಒಂದೇ ಜಾಗದಲ್ಲಿ ಕುಳಿತಿರುತ್ತದೆ, ಆದರೆ ರೈಲಿನ ಅಲುಗಾಟ ಅದನ್ನು ಕೂದಲೆಳೆಯಷ್ಟು ಅತ್ತ ಇತ್ತ ಉಜ್ಜುತ್ತದೆ. ಎಣ್ಣೆ ಹಿಂಡಿಹೋಗುತ್ತದೆ, ಮತ್ತೆ ಒಳಬರಲು ಅವಕಾಶವಿಲ್ಲ. ಲೋಹಕ್ಕೆ ಲೋಹ ತಗಲಿ ಕೆಂಗಂದು ಬಣ್ಣದ ತುಕ್ಕಿನ ಪುಡಿ ಏಳುತ್ತದೆ, ಆ ಪುಡಿಯೇ ಮತ್ತಷ್ಟು ಅರೆಯುತ್ತದೆ. ಸಾವಿರ ಮೈಲಿ ಉರುಳಿದ್ದರೆ ಏನೂ ಆಗದಿದ್ದ ಬೇರಿಂಗು ಸಾವಿರ ಮೈಲಿ ಕುಳಿತುಕೊಂಡು ಪಯಣಿಸಿ ಹಾಳಾಗುತ್ತದೆ. ಗಾಳಿಟೈರು ಮತ್ತು ಸ್ಪ್ರಿಂಗುಗಳುಳ್ಳ ಟ್ರೈಲರಿನ ಮೇಲಿನ ಕೆಲವು ಗಂಟೆಗಳ ಪಯಣದಲ್ಲಿ ಈ ಭಯ ಅಲ್ಪವೇ. ಹಡಗಿನಲ್ಲಿಯೂ ರೈಲಿನಲ್ಲಿಯೂ ವಾರಗಟ್ಟಲೆ ಸಾಗುವ ಕಾರಿಗೆ ಅಲ್ಪವಲ್ಲ.

ಟ್ರೈಲರಿಗೂ ತನ್ನದೇ ಆದ ಅಪಾಯವೊಂದುಂಟು. ನಮ್ಮ ಎತ್ತಿನ ಗಾಡಿಯನ್ನು ಹೇರುವವರಿಗೆ ಅದು ತಲೆತಲಾಂತರದಿಂದ ತಿಳಿದಿದೆ. ಹೇರು ಹಿಂದಾದರೆ ನೊಗ ಮೇಲೇಳುತ್ತದೆ, ಮುಂದಾದರೆ ಎತ್ತಿನ ಹೆಗಲು ನೋಯುತ್ತದೆ. ಟ್ರೈಲರಿನ ಕೊಂಡಿಯ ಮೇಲೆ ಒಟ್ಟು ಭಾರದ ನೂರಕ್ಕೆ 10ರಿಂದ 15 ಪಾಲು ಬೀಳಬೇಕೆಂದು ಅಮೆರಿಕದಲ್ಲಿ ಹೇಳುತ್ತಾರೆ. ಯುರೋಪಿನ ರೂಢಿ ಇದಕ್ಕಿಂತ ಕಡಿಮೆ. 1500 ಕಿಲೋಗ್ರಾಮಿನ ಕಾರು 700 ಕಿಲೋಗ್ರಾಮಿನ ಟ್ರೈಲರಿನ ಮೇಲಿದೆಯೆನ್ನಿ. ನೂರಕ್ಕೆ ಹತ್ತೆಂದರೆ 220 ಕಿಲೋಗ್ರಾಮು. ಕೊಂಡಿಗೂ ಟ್ರೈಲರಿನ ಅಚ್ಚಿಗೂ 4 ಮೀಟರು ದೂರವಿದ್ದರೆ, ಕಾರನ್ನು ಬರಿಯ 20 ಸೆಂಟಿಮೀಟರು ಹಿಂದಕ್ಕೆ ಸರಿಸಿದ ಮಾತ್ರಕ್ಕೆ ಕೊಂಡಿಯ ಭಾರ 75 ಕಿಲೋಗ್ರಾಮು ಇಳಿಯುತ್ತದೆ. ಇದು ಸನ್ನೆಗೋಲಿನ ಸಾಮಾನ್ಯ ಲೆಕ್ಕ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಕೊಂಡಿಯ ಭಾರ ತೀರ ಕಡಿಮೆಯಾದರೆ, ಒಂದು ವೇಗವನ್ನು ಮೀರಿದ ಮೇಲೆ, ಟ್ರೈಲರು ಲೋಲಕದಂತೆ ಎಡಬಲಕ್ಕೆ ತೂಗತೊಡಗುತ್ತದೆ. ಒಂದೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ ಕೊನೆಗೆ ಎಳೆಯುವ ವಾಹನವನ್ನೂ ರಸ್ತೆಯಿಂದ ಹೊರಗೆಳೆಯುತ್ತದೆ. ಆಗ ವೇಗವನ್ನು ಮೆಲ್ಲಗೆ ಇಳಿಯಗೊಡುವುದೊಂದೇ ಉಪಾಯ.

ಪಟ್ಟಿ ಬಿಗಿಯುವುದರಲ್ಲಿಯೂ ಲೆಕ್ಕವಿದೆ. ಸಾಗಣೆಯ ಯುರೋಪಿಯನ್ ನಿಯಮವು ಮುಂದಕ್ಕೆ ಸರಕಿನ ತೂಕದ 0.8 ಭಾಗದಷ್ಟು ಬಲವನ್ನು ತಡೆಯಬೇಕೆನ್ನುತ್ತದೆ. ನಮ್ಮ ಕಾರಿಗೆ ಅದು 1200 ಕಿಲೋಗ್ರಾಮು ತೂಕದಷ್ಟು ಬಲ. ಪಟ್ಟಿಯನ್ನು ಕಾರಿನ ಚೌಕಟ್ಟಿಗೆ ಕಟ್ಟಿದರೆ, ರಸ್ತೆಯ ಉಬ್ಬುತಗ್ಗಿನಲ್ಲಿ ಸ್ಪ್ರಿಂಗು ಕುಗ್ಗಿದಾಗಲೆಲ್ಲ ಪಟ್ಟಿ ಸಡಿಲವಾಗಿ ಮರುಕ್ಷಣ ಜಗ್ಗಿ ಎಳೆಯುತ್ತದೆ. ಅಚ್ಚಿಗೋ ಚಕ್ರಕ್ಕೋ ಕಟ್ಟಿದರೆ ಕಾರಿನ ಮೈ ತನ್ನ ಸ್ಪ್ರಿಂಗಿನ ಮೇಲೆ ತಾನೇ ಆಡುತ್ತಿರುತ್ತದೆ, ಪಟ್ಟಿ ಬಿಗಿಯಾಗಿಯೇ ಉಳಿಯುತ್ತದೆ.

ಬ್ರೈಟನ್ ಓಟವನ್ನು 1927ರಲ್ಲಿ ಪುನಃ ಆರಂಭಿಸಿದರು. 1905ಕ್ಕೆ ಮುಂಚಿನ ಬಂಡಿಗಳು ನವೆಂಬರಿನ ಮೊದಲ ಭಾನುವಾರ ಸೂರ್ಯೋದಯಕ್ಕೆ ಲಂಡನ್ನಿನ ಹೈಡ್ ಪಾರ್ಕಿನಿಂದ ಹೊರಟು ಸುಮಾರು 60 ಮೈಲಿಯನ್ನು ತಮ್ಮ ಶಕ್ತಿಯಿಂದಲೇ ಸಾಗುತ್ತವೆ. ಅವುಗಳಲ್ಲಿ ಬಹಳಷ್ಟು ಹೈಡ್ ಪಾರ್ಕಿಗೆ ಬರುವುದು ಮಾತ್ರ ಟ್ರೈಲರಿನ ಮೇಲೆ! ಅಮೆರಿಕದ ಪೆಬಲ್ ಬೀಚಿನಲ್ಲಿ 1950ರಲ್ಲಿ ಮೊದಲಾದ ಪ್ರದರ್ಶನವು ಕಾರುಗಳ ಅಂದಕ್ಕೂ ಪುನರ್ನಿರ್ಮಾಣದ ನೈಜತೆಗೂ ಅಂಕ ಕೊಡುವಂಥದು. ಅಲ್ಲಿ 1998ರಿಂದ ಪ್ರದರ್ಶನಕ್ಕೆ ಮುಂಚೆ ಒಂದು ದಿನ ಕಾರುಗಳನ್ನು ರಸ್ತೆಯ ಮೇಲೆ ಓಡಿಸುವ ಪದ್ಧತಿ ಸೇರಿತು. ಒಂದೇ ವರ್ಗದಲ್ಲಿ ಎರಡು ಕಾರುಗಳು ಸಮನಾಗಿ ನಿಂತರೆ ಆ ಓಟವನ್ನು ಪೂರೈಸಿದ ಕಾರಿಗೇ ಮೇಲುಗೈ. ಇದು ನ್ಯಾಯವಾದ ನಿಯಮವೆಂದು ನನಗೆ ತೋರುತ್ತದೆ.

ಕಾರಿನ ಆರೋಗ್ಯವನ್ನೇ ಮುಖ್ಯವಾಗಿ ಎಣಿಸುವ ಒಡೆಯರು ಎರಡನ್ನೂ ಬೆರೆಸಿ ನಡೆಯುತ್ತಾರೆ. ವೇಗದ ಹೆದ್ದಾರಿಯನ್ನು ಟ್ರೈಲರಿನಲ್ಲಿ ಕಳೆಯುತ್ತಾರೆ. ಪ್ರದರ್ಶನದ ಊರಿಗೆ ಹತ್ತಿಪ್ಪತ್ತು ಮೈಲಿ ಇರುವಾಗಲೇ ಕಾರನ್ನು ಇಳಿಸಿ, ಚಕ್ರದ ತಿರುಪುಗಳನ್ನೂ ಬ್ರೇಕನ್ನೂ ಪರೀಕ್ಷಿಸಿ, ಹಳ್ಳಿಯ ರಸ್ತೆಗಳಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ನಡೆಸಿ, ಎಣ್ಣೆ ಚೆನ್ನಾಗಿ ಕಾದ ಮೇಲೆಯೇ ಬಯಲಿಗೆ ತರುತ್ತಾರೆ.