ಕೇಳಲು ಹೆದರಬೇಡಿ

ಪರೀಕ್ಷೆಯ ಫಲಿತಾಂಶ ಬಂದ ದಿನ ಗೋಕಾಕದ ಕಡೆ ಪಾಸಾದವರ ಮನೆಯಲ್ಲಿ ಕರದಂಟು ಹಂಚುತ್ತಾರೆ. ಕದ ಹಾಕಿಕೊಂಡು ಕೂತ ಹುಡುಗನ ಮನೆಗೆ ಅಂದು ಯಾರೂ ಹೋಗುವುದಿಲ್ಲ. 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಹೋದರು. ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಆ ಕದ ತಟ್ಟಲು ಹೊರಟವರಿಗಾಗಿ ಈ ಸೂತ್ರಗಳು.

1. ಸಾಯುವ ವಿಚಾರ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ವಿಚಾರ ತಲೆಗೆ ಹಾಕಿದಂತೆ ಎಂಬ ಭಯ ಬಹಳ ಜನರಲ್ಲಿದೆ. ಅದು ತಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಕೇಳಿದಾಗ ಮನಸ್ಸಿನ ಭಾರ ಇಳಿಯುತ್ತದೆ. ಆದರೆ ಪಡಸಾಲೆಯಲ್ಲಿ ಕಾಕಾ, ಮಾಮಾ ಎಲ್ಲರೂ ಸುತ್ತ ಕೂತು ವಿಚಾರಣೆ ಮಾಡುವುದು ಬೇಡ. ಹೊಲದ ಬದುವಿನ ಮೇಲೆ, ಇಬ್ಬರೇ ಇದ್ದಾಗ ಕೇಳಿ: “ತಮ್ಮಾ, ಊಟ ಬಿಟ್ಟೀ, ನಿದ್ದಿ ಬಿಟ್ಟೀ. ಸಾಯಬೇಕು ಅಂತ ಮನಸಿನ್ಯಾಗ ಬರ್ತೈತೇನು?” ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಬರಲು ಹತ್ತು ನಿಮಿಷ ಹಿಡಿದರೂ ಕಾಯಿರಿ.

2. ಉಪದೇಶ ಬೇಡ. “ಅವ್ವ ಅಪ್ಪನ ಮಾರಿ ನೋಡರ ಬ್ಯಾಡೇನು?” ಎಂಬ ಮಾತನ್ನು ನಾವು ಪ್ರೀತಿಯಿಂದಲೇ ಆಡುತ್ತೇವೆ. ‘ನಾನು ಇವರಿಗೆ ಹೊರೆ’ ಎಂದು ಆಗಲೇ ನಂಬಿದ ಮಗುವಿಗೆ ಅದು ಇನ್ನೊಂದು ಕಲ್ಲು. “ಹೇಳಿದ್ದು ಚಲೋ ಆತು. ನಾ ಇಲ್ಲೇ ಇರ್ತೀನಿ” ಎಂದರೆ ಸಾಕು.

3. ಸುಳಿವು ಗುರುತಿಸಿ. ಇಷ್ಟದ ವಸ್ತುಗಳನ್ನು ಹಂಚುವುದು, ಸುಮ್ಮಸುಮ್ಮನೆ ಕ್ಷಮೆ ಕೇಳುವುದು, “ಇನ್ನ ನಿಮಗ ನನ್ನ ತ್ರಾಸ ಇರಂಗಿಲ್ಲ” ಎನ್ನುವುದು. ದಿನಗಟ್ಟಲೆ ಒದ್ದಾಡಿದವರು ಇದ್ದಕ್ಕಿದ್ದಂತೆ ಶಾಂತರಾದರೂ ಕೇಳಲೇಬೇಕು. ‘ಹೆದರಸ್ಲಾಕ ಅಂತಾನ’ ಎಂದು ತಳ್ಳಿಹಾಕಬೇಡಿ.

4. ಹೊಲಕ್ಕೆ ಹೊಡೆಯುವ ಔಷಧ ಮನೆಯಲ್ಲಿ ಬೇಡ. ಕಬ್ಬು, ಮೆಕ್ಕೆಜೋಳ ಬೆಳೆಯುವ ನಮ್ಮಲ್ಲಿ ಇದು ದೊಡ್ಡ ಮಾತು. ಸಾಯಬೇಕೆನಿಸುವ ತೀವ್ರ ಗಳಿಗೆ ಹೆಚ್ಚಾಗಿ ಬೇಗ ಸರಿದುಹೋಗುತ್ತದೆ. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಅಪಾಯಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಶ್ರೀಲಂಕಾದಲ್ಲಿ 1995ರ ನಂತರದ ಎರಡು ದಶಕಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ಔಷಧವನ್ನು ಮನೆಯ ಹೊರಗೆ ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿ, ಕೀಲಿಕೈ ಹಿರಿಯರೊಬ್ಬರ ಬಳಿ ಇರಲಿ.

5. ಗೆಳೆಯ ಗೆಳತಿಯರೇ, ಗುಟ್ಟು ಕಾಯುವ ಆಣೆ ಮಾಡಬೇಡಿ. ಹಾಸ್ಟೆಲಿನಲ್ಲಿ ಮೊದಲು ಗೊತ್ತಾಗುವುದು ನಿಮಗೇ. ನಂಬುವ ಒಬ್ಬ ಹಿರಿಯರಿಗೆ ಅಂದೇ ಹೇಳಿ. ಗುಟ್ಟು ಹೇಳಿದವರು ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

6. 14416 ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರೂ ಕರೆ ಮಾಡಿ ‘ನಾವೇನು ಮಾಡಬೇಕು’ ಎಂದು ಕೇಳಬಹುದು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಬೆಳಗಾವಿಯ ಬಿಮ್ಸ್ ಆಸ್ಪತ್ರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವೇನಲ್ಲ. ಅಪಾಯ ಎದುರಿಗೇ ಇದ್ದರೆ 108 ಅಥವಾ 112ಕ್ಕೆ ಕರೆ ಮಾಡಿ. ಅಪಾಯದಲ್ಲಿರುವವರನ್ನು ಒಂದು ಕ್ಷಣವೂ ಒಬ್ಬರೇ ಬಿಡಬೇಡಿ.

7. ‘ಪೊಲೀಸ್ ಕೇಸ್ ಆಗತೈತಿ’ ಎಂದು ಆಸ್ಪತ್ರೆಗೆ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಆರೈಕೆ, ಚಿಕಿತ್ಸೆ ಸರ್ಕಾರದ ಹೊಣೆ.

8. ಫೇಲಾದರೆ ವರ್ಷ ಹೋಗುವುದಿಲ್ಲ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಎರಡರಲ್ಲೂ ಅದೇ ವರ್ಷ ಮತ್ತೆ ಬರೆಯಬಹುದು, 2024ರಿಂದ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಇದನ್ನು ಫಲಿತಾಂಶದ ಮುಂಚೆಯೇ ಮನೆಯಲ್ಲಿ ಮಾತಾಡಿ. ಆದರೆ ಅಂಕವೊಂದೇ ಕಾರಣ ಎಂದುಕೊಳ್ಳಬೇಡಿ. ಮನೆಯ ಸಾಲ, ಮುರಿದ ಪ್ರೀತಿ, ಹೇಳಿಕೊಳ್ಳಲಾಗದ ಅವಮಾನ, ಗುರುತಿಸದ ಖಿನ್ನತೆ ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ.

9. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಹೆಚ್ಚು ಜೋಪಾನ. ಅಪಾಯ ಮತ್ತೆ ಹೆಚ್ಚಾಗುವುದು ಆ ವಾರಗಳಲ್ಲೇ. ‘ಯಾಕ ಹಿಂಗ ಮಾಡ್ಕೊಂಡಿ’ ಎಂದು ಕೇಳಲು ಬರುವವರನ್ನು ಅಂಗಳದಲ್ಲೇ ಮಾತಾಡಿಸಿ ಕಳಿಸಿ. ಮಾತ್ರೆ, ವೈದ್ಯರ ಭೇಟಿ ತಪ್ಪದಿರಲಿ. ಮೊದಲ ವಾರ ಮನೆ ತುಂಬ ಜನ, ನಾಲ್ಕನೇ ವಾರ ಯಾರೂ ಇರುವುದಿಲ್ಲ. ನೀವು ಆಗ ಹೋಗಿ ಬಾಗಿಲಲ್ಲಿ ನಿಂತು ಕರೆಯಿರಿ: “ತಮ್ಮಾ, ಹೊಲಕ್ಕ ಹೊಂಟೀನಿ, ಬರ್ತಿಯೇನು?”